ಅಂಧರ ಕಂಪ್ಯೂಟರಿಗೆ ಕನ್ನಡ ಬರುತ್ತದೆಯೇ?

ಅಂಧರಿಗೆ ಕಂಪ್ಯೂಟರ್ ಕಲಿಸುವ ಮಾತು ಬಂದಾಗಲೆಲ್ಲ ನಾವು ಯಂತ್ರದ ಬೆಲೆಯ ಬಗ್ಗೆ, ದಾನಿಗಳ ಔದಾರ್ಯದ ಬಗ್ಗೆ ಮಾತನಾಡುತ್ತೇವೆ. ಆ ಯಂತ್ರ ಓದಬೇಕಾದ ಕನ್ನಡ ಯಾವ ಸ್ಥಿತಿಯಲ್ಲಿದೆ ಎಂದು ಕೇಳುವವರು ಕಡಿಮೆ.

ಬೆಲೆಯ ನೆಪ ಈಗ ಹಿಂದಿನಷ್ಟು ನಿಲ್ಲುವುದಿಲ್ಲ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಮೊದಲು ಹೆಸರಾದ 'ಜಾಸ್' ಬಡವರ ಕೈಗೆ ಎಟುಕುವಂತಿರಲಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ಅಂಧ ತರುಣ 'ಎನ್‌ವಿಡಿಎ' ತಯಾರಿಸಲು ಆರಂಭಿಸಿದರು. ಅದು ಉಚಿತ. ಅದರ ಜೊತೆಗೇ ಬರುವ 'ಇ-ಸ್ಪೀಕ್' ಧ್ವನಿ ಕನ್ನಡವನ್ನೂ ಓದುತ್ತದೆ. ಬೆಂಗಳೂರಿನಲ್ಲಿ 1990ರಲ್ಲಿ ಹುಟ್ಟಿದ ಮಿತ್ರಜ್ಯೋತಿ, 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾದಂತಹ ಸಂಸ್ಥೆಗಳು ಅಂಧರಿಗೆ ಕಂಪ್ಯೂಟರ್ ತರಬೇತಿ ನೀಡುತ್ತಾ ಬಂದಿವೆ.

ಅರಸೀಕೆರೆಯ ಯುವಕನೊಬ್ಬ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಇದನ್ನೆಲ್ಲ ಕಲಿತು ಬಂದನೆನ್ನಿ. ಇಂಗ್ಲಿಷ್ ಕಡತ ತೆರೆದರೆ ಯಂತ್ರ ಸರಾಗವಾಗಿ ಓದುತ್ತದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪಾದ ಕನ್ನಡ ಕಡತ ತೆರೆದರೆ? ಅಲ್ಲಿ ಕಾಣುವುದಷ್ಟೇ ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. 'ಕನ್ನಡ' ಎಂಬ ಪದವೇ ಯಂತ್ರದ ಪಾಲಿಗೆ 'ಪಿ', 'ಪೌಂಡ್ ಚಿಹ್ನೆ', 'ಕ್ಯೂ' ಇತ್ಯಾದಿಗಳ ಗೋಜಲು. ಕಣ್ಣಿದ್ದವನಿಗೆ ಅದು ಶುದ್ಧ ಕನ್ನಡ, ಕಿವಿಯಿಂದ ಓದುವವನಿಗೆ ಶುದ್ಧ ಗದ್ದಲ. ಯೂನಿಕೋಡ್‌ನಲ್ಲಿ ಬರೆದಿದ್ದರೆ ಈ ತೊಡಕಿಲ್ಲ. ಕನ್ನಡ ಯೂನಿಕೋಡಿಗೆ ಸೇರಿದ್ದು 1991ರಲ್ಲಿ!

ಇನ್ನೊಂದು ಗೋಡೆ ಸ್ಕ್ಯಾನ್ ಮಾಡಿದ ಪುಟ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಜಗತ್ತು ನೋಡಲು ಬರುತ್ತದೆ. ಹಳೇಬೀಡಿನಲ್ಲೇ ಹುಟ್ಟಿದ ಅಂಧ ವಿದ್ಯಾರ್ಥಿನಿಗೆ ಆ ಶಿಲ್ಪವನ್ನು ತಿಳಿಸಬೇಕಾದದ್ದು ಬರಹ. ಆದರೆ ಹಳೆಯ ಕನ್ನಡ ಗ್ರಂಥಗಳು ಕಂಪ್ಯೂಟರಿನಲ್ಲಿ ಸಿಕ್ಕರೂ ಹೆಚ್ಚಾಗಿ ಪುಟಗಳ ಚಿತ್ರವಾಗಿಯೇ ಸಿಗುತ್ತವೆ. ಚಿತ್ರದ ಮುಂದೆ ಯಂತ್ರ ಮೂಕ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಬಂದಿದೆ ನಿಜ, ಅದು ಒತ್ತಕ್ಷರಗಳಲ್ಲಿ ಎಡವುತ್ತದೆ, ಮತ್ತೆ ಕಣ್ಣಿದ್ದವರೇ ತಿದ್ದಬೇಕು. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ಸಿಕ್ಕಿದ್ದು ಇದೇ ಬೇಲೂರು ತಾಲೂಕಿನಲ್ಲಿ. ಕಲ್ಲಿನಲ್ಲಿ ಕೊರೆದ ಆ ಅಕ್ಷರವನ್ನು ಬೆರಳಿನಿಂದಾದರೂ ತಡವಬಹುದು. ನಾವು ಇಂದು ಕಳಿಸುವ ಕಡತ ಅಷ್ಟಕ್ಕೂ ಒದಗದು.

ಕಾನೂನು ಹಿಂದೆ ಬಿದ್ದಿಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿ, ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಪರಿವರ್ತಿಸಲು ಅವಕಾಶ ಕೊಟ್ಟಿತು. ಅಂಧರ ಪುಸ್ತಕಗಳಿಗಾಗಿ ರೂಪುಗೊಂಡ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಮುದ್ರಿತ ಮತ್ತು ವಿದ್ಯುನ್ಮಾನ ಮಾಹಿತಿ ಅವರಿಗೆ ದಕ್ಕುವ ರೂಪದಲ್ಲಿರುವಂತೆ ಕ್ರಮ ಕೈಗೊಳ್ಳುವ ಹೊಣೆಯನ್ನು ಸರಕಾರಕ್ಕೆ ಹೊರಿಸಿದೆ.

ಹಾಗಾದರೆ ಹಿಂದೆ ಬಿದ್ದವರು ಯಾರು? ಪ್ರಕಾಶಕರು, ಕಚೇರಿಗಳು, ಪ್ರಶ್ನೆಪತ್ರಿಕೆ ಟೈಪಿಸುವ ಅಧ್ಯಾಪಕರು, ಪತ್ರಿಕೆ ನಡೆಸುವ ನಾವೆಲ್ಲರೂ. ನುಡಿ, ಬರಹ ತಂತ್ರಾಂಶಗಳಲ್ಲೇ ಯೂನಿಕೋಡ್ ಸೌಲಭ್ಯವಿದೆ. ಹಳೆಯ ಕಡತಗಳನ್ನು ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಇದಕ್ಕೆ ಅನುದಾನ ಬೇಡ, ಸಮಾರಂಭ ಬೇಡ. ಅಭ್ಯಾಸ ಬದಲಾದರೆ ಸಾಕು.

ತರಬೇತಿ ಪಡೆದ ಅಂಧ ತರುಣ ಇಂಗ್ಲಿಷ್ ಮಾತ್ರ ಓದಬಲ್ಲವನಾದರೆ ಅದು ಅವನ ಕೊರತೆಯಲ್ಲ. ತನ್ನ ಓದುಗನನ್ನು ಬಾಗಿಲಲ್ಲೇ ನಿಲ್ಲಿಸಿದ ಕನ್ನಡದ ಕೊರತೆ.