ಒಂದು ಕ್ಲಿಕ್ಕಿನ ಕೀರ್ತಿ, ಯಾರೂ ಓದದ ಫೈಲು

ಶೇರ್ಡ್ ಹೋಸ್ಟಿಂಗ್ ಕಲಿಯಹೊರಟವರಿಗಾಗಿ ಬರೆದ ಕೈಪಿಡಿಗಳೆಲ್ಲ ಬೇಗನೆ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಡೊಮೇನ್ ಕೊಳ್ಳಿ, ಪ್ಲಾನ್ ಆರಿಸಿ, ಸಿಪ್ಯಾನೆಲ್‌ಗೆ ಲಾಗಿನ್ ಆಗಿ, ವರ್ಡ್‌ಪ್ರೆಸ್ ಐಕಾನಿನ ಮೇಲೆ ಒಂದು ಸಲ ಕ್ಲಿಕ್ ಮಾಡಿ. ನಿಮ್ಮ ಸೈಟ್ ಸಿದ್ಧ. ಇಷ್ಟಾದ ಮೇಲೆ ಉಳಿದ ಪುಟಗಳೆಲ್ಲ ಥೀಮುಗಳ ಬಣ್ಣ, ಪ್ಲಗಿನ್‌ಗಳ ಪಟ್ಟಿ. ಆ ಒಂದು ಕ್ಲಿಕ್ಕಿಗೆ ಸಿಕ್ಕಿರುವ ಹೊಗಳಿಕೆ ಅದರ ಯೋಗ್ಯತೆಯನ್ನು ಬಹಳ ಮೀರಿದ್ದು. ಅದರ ಭರಾಟೆಯಲ್ಲಿ ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲನ್ನು ಹೊಸಬರು ತೆರೆದೇ ನೋಡದಂತಾಗಿದೆ. ಕನ್ನಡದಲ್ಲಿ ಬರೆಯುವವರು ಇದಕ್ಕೆ ತೆತ್ತಿರುವ ಬೆಲೆ ದೊಡ್ಡದು.

ಶೇರ್ಡ್ ಹೋಸ್ಟಿಂಗ್ ಬೆಳೆದು ಬಂದ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಬ್ರೌಸರ್ ತಾನು ಯಾವ ಡೊಮೇನನ್ನು ಹುಡುಕಿಕೊಂಡು ಬಂದಿದೆಯೆಂದು ಸರ್ವರ್‌ಗೆ ಹೆಸರಿಟ್ಟು ಹೇಳುವ ವ್ಯವಸ್ಥೆ 1990ರ ದಶಕದ ಕೊನೆಗೆ ಗಟ್ಟಿಯಾಯಿತು; ಒಂದೇ ಐಪಿ ವಿಳಾಸದಲ್ಲಿ ನೂರಾರು ಸೈಟುಗಳು ಇರಬಹುದೆಂದಾಯಿತು; 1996ರಲ್ಲಿ ಹುಟ್ಟಿದ ಸಿಪ್ಯಾನೆಲ್ ಆ ನೂರಾರು ಜನರ ಕೈಗೆ ಒಂದೊಂದು ನಿಯಂತ್ರಣ ಫಲಕ ಕೊಟ್ಟಿತು. 2015ರ ಕೊನೆಯಲ್ಲಿ, ಸುರಕ್ಷಿತ ಸಂಪರ್ಕದ ಸರ್ಟಿಫಿಕೇಟನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಎಲ್ಲರಿಗೂ ತೆರೆದುಕೊಂಡ ಮೇಲೆ ಸರ್ಟಿಫಿಕೇಟಿನ ಖರ್ಚೂ ಹೋಯಿತು. ಸಣ್ಣ ಪತ್ರಿಕೆ, ಊರಿನ ಸಂಘ, ಒಬ್ಬ ಕಥೆಗಾರ್ತಿ, ಒಂದು ಶಾಲೆ ತಮ್ಮದೇ ವಿಳಾಸದಲ್ಲಿ ಬರೆದಿಡಬಹುದಾದ ಅಗ್ಗದ ಜಾಗ ಇವತ್ತಿಗೂ ಇದೇ. ಶೇರ್ಡ್ ಹೋಸ್ಟಿಂಗ್ ಮೇಲೆ ನನಗೆ ಪ್ರೀತಿಯಿದೆ. ಆಕ್ಷೇಪ ಇರುವುದು ಅದರೊಳಕ್ಕೆ ಹೊಸಬರನ್ನು ಕರೆದೊಯ್ಯುವ ರೀತಿಯ ಬಗ್ಗೆ.

ಕ್ಲಿಕ್ ಏನು ಮಾಡುತ್ತದೆ? ಹಿಂದೆ ಫ್ಯಾಂಟಾಸ್ಟಿಕೊ, ಈಗ ಬಹುಪಾಲು ಕಡೆ ಸಾಫ್ಟ್ಯಾಕ್ಯುಲಸ್ ಎಂಬ ಇನ್‌ಸ್ಟಾಲರ್ ಮಾಡುವ ಕೆಲಸ ಇಷ್ಟು: ಒಂದು ಡೇಟಾಬೇಸ್ ಸೃಷ್ಟಿಸುತ್ತದೆ, ಅದಕ್ಕೊಬ್ಬ ಬಳಕೆದಾರನನ್ನು ನೇಮಿಸುತ್ತದೆ, ಪಾಸ್‌ವರ್ಡ್ ಹುಟ್ಟಿಸುತ್ತದೆ, ವರ್ಡ್‌ಪ್ರೆಸ್‌ನ ಫೈಲುಗಳನ್ನು ಫೋಲ್ಡರಿಗೆ ಬಿಚ್ಚಿ ಹಾಕುತ್ತದೆ, ಇವೆರಡನ್ನೂ ಜೋಡಿಸುವ ಕಾನ್ಫಿಗ್ ಫೈಲು ಬರೆಯುತ್ತದೆ. ಪ್ರತಿಯೊಂದೂ ಒಂದು ನಿರ್ಧಾರ. ಬಳಕೆದಾರರ ಪರವಾಗಿ ಯಂತ್ರ ತೆಗೆದುಕೊಂಡ ನಿರ್ಧಾರ. ಇನ್‌ಸ್ಟಾಲರಿನ ಫಾರಂನಲ್ಲಿ ಫೋಲ್ಡರಿನ ಹೆಸರು ಕೇಳುವ ಒಂದು ಸಣ್ಣ ಚೌಕವಿದೆ. ಬಹುಕಾಲ ಅದರಲ್ಲಿ ‘ಡಬ್ಲ್ಯೂಪಿ’ ಎಂಬ ಎರಡಕ್ಷರ ಮೊದಲೇ ತುಂಬಿರುತ್ತಿತ್ತು. ಅದನ್ನು ಅಳಿಸಬೇಕೆಂದು ತಿಳಿಯದವರ ಸೈಟು ಡೊಮೇನಿನ ಬಾಗಿಲಲ್ಲಿ ತೆರೆಯದೆ ಒಳಗಿನ ಕೋಣೆಯಲ್ಲಿ ತೆರೆಯಿತು. ಅಂಥ ವಿಳಾಸವನ್ನೇ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಸಂಘಗಳನ್ನು ನೋಡಿದ್ದೇನೆ. ಅದರ ಕೆಳಗಿನ ಚೌಕದಲ್ಲಿ ‘ಅಡ್ಮಿನ್’ ಎಂಬ ಬಳಕೆದಾರ ಹೆಸರು ಹೀಗೆಯೇ ಕಾದು ಕೂತಿರುತ್ತಿತ್ತು. ಪಾಸ್‌ವರ್ಡ್ ಊಹಿಸುತ್ತಾ ಅಲೆಯುವ ಪ್ರೋಗ್ರಾಮುಗಳು ಎಲ್ಲಕ್ಕಿಂತ ಮೊದಲು ತಟ್ಟಿ ನೋಡುವ ಹೆಸರು ಅದು.

ಇವೆಲ್ಲ ತಿದ್ದಿಕೊಳ್ಳಬಹುದಾದ ತಪ್ಪುಗಳು. ನಿಜವಾಗಿ ನಿಂತು ನೋಡಬೇಕಾದದ್ದು ಆ ಕಾನ್ಫಿಗ್ ಫೈಲನ್ನು. ವರ್ಡ್‌ಪ್ರೆಸ್ ಜೊತೆಗೆ ಅದರ ಮಾದರಿ ಪ್ರತಿಯೊಂದು ಬರುತ್ತದೆ. ಕೈಯಿಂದ ಇನ್‌ಸ್ಟಾಲ್ ಮಾಡುವವರು ಅದನ್ನು ನಕಲು ಮಾಡಿ, ಖಾಲಿ ಜಾಗ ತುಂಬಿ, ಹೆಸರು ಬದಲಿಸುತ್ತಾರೆ. ಮೊದಲ ನಾಲ್ಕು ಸಾಲುಗಳಲ್ಲಿ ಡೇಟಾಬೇಸಿನ ಹೆಸರು, ಬಳಕೆದಾರನ ಹೆಸರು, ಪಾಸ್‌ವರ್ಡ್, ಡೇಟಾಬೇಸ್ ಇರುವ ಯಂತ್ರ. ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ‘ಲೋಕಲ್‌ಹೋಸ್ಟ್’ ಎಂದಿರುತ್ತದೆ. ಫೈಲುಗಳೂ ಡೇಟಾಬೇಸೂ ಒಂದೇ ಯಂತ್ರದಲ್ಲಿವೆ ಎಂದು ಅದರ ಅರ್ಥ. ಇದನ್ನು ಒಮ್ಮೆ ಕೈಯಾರೆ ಬರೆದವರಿಗೆ ತಮ್ಮ ಸೈಟು ಎರಡು ತುಂಡುಗಳಲ್ಲಿದೆ ಎಂಬುದು ಜನ್ಮಕ್ಕೆ ಮರೆಯುವುದಿಲ್ಲ: ಚಿತ್ರ, ಥೀಮುಗಳು ಫೋಲ್ಡರಿನಲ್ಲಿ, ಬರೆದ ಮಾತುಗಳು ಡೇಟಾಬೇಸಿನಲ್ಲಿ. ಕ್ಲಿಕ್ ಮಾಡಿದವರು ವರ್ಷಗಟ್ಟಲೆ ಬರೆದ ಮೇಲೂ ಫೋಲ್ಡರನ್ನಷ್ಟೇ ಕಂಪ್ಯೂಟರಿಗೆ ಇಳಿಸಿಕೊಂಡು, ಬ್ಯಾಕಪ್ ಆಯಿತೆಂದು ನೆಮ್ಮದಿಯಾಗಿರುತ್ತಾರೆ. ಅದರೊಳಗೆ ಅವರ ಒಂದು ವಾಕ್ಯವೂ ಇರುವುದಿಲ್ಲ.

ಐದನೆಯ ಸಾಲು ಅಕ್ಷರಗಳನ್ನು ಯಾವ ಸಂಕೇತಪದ್ಧತಿಯಲ್ಲಿ ಇಡಬೇಕೆಂದು ಹೇಳುತ್ತದೆ. 2007ರ ವರ್ಡ್‌ಪ್ರೆಸ್ 2.2 ಬರುವ ತನಕ ಈ ಸಾಲೇ ಇರಲಿಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸು ತಾನಾಗಿ ಆರಿಸಿಕೊಳ್ಳುತ್ತಿದ್ದದ್ದು ‘ಲ್ಯಾಟಿನ್-1’ ಎಂಬ ಪಶ್ಚಿಮ ಯುರೋಪಿನ ಅಕ್ಷರಗಳ ಪದ್ಧತಿ. ಆ ಅಭ್ಯಾಸವನ್ನು ಅದು ಬಿಟ್ಟದ್ದು 2018ರಲ್ಲಿ, 8.0 ಆವೃತ್ತಿಯಲ್ಲಿ. ಹಾಗಾಗಿ 2.2ಕ್ಕಿಂತ ಹಿಂದಿನ ಕನ್ನಡ ಸೈಟುಗಳಲ್ಲಿ ವಿಚಿತ್ರವೊಂದು ನಡೆಯಿತು. ಬ್ರೌಸರಿನಿಂದ ಬಂದದ್ದು ಯುಟಿಎಫ್-8 ಎಂಬ ಪದ್ಧತಿಯಲ್ಲಿದ್ದ ಕನ್ನಡ. ಅದನ್ನು ತುಂಬಿಸಿದ ಪಾತ್ರೆಯ ಮೇಲಿನ ಚೀಟಿ ಲ್ಯಾಟಿನ್. ಓದುವಾಗಲೂ ಅದೇ ಚೀಟಿಯನ್ನು ನಂಬಿ ಬೈಟುಗಳನ್ನು ಹಾಗೆಯೇ ತಿರುಗಿಸಿ ಕೊಟ್ಟದ್ದರಿಂದ ಪುಟದ ಮೇಲೆ ಕನ್ನಡ ಸರಿಯಾಗಿಯೇ ಕಾಣಿಸಿತು. ಸಾಕಷ್ಟು ದಿನ ಯಾರಿಗೂ ಅನುಮಾನ ಬರಲಿಲ್ಲ.

ಹೋಸ್ಟ್ ಬದಲಿಸಿದ ದಿನ ಅದು ಬಯಲಾಯಿತು. ಡೇಟಾಬೇಸನ್ನು ಇಳಿಸಿಕೊಳ್ಳುವಾಗ ಸಾಧನವು ಚೀಟಿಯನ್ನು ನಂಬಿ ‘ಲ್ಯಾಟಿನ್’ ಅನ್ನು ಯುಟಿಎಫ್-8ಕ್ಕೆ ಪರಿವರ್ತಿಸಿತು. ಮೊದಲೇ ಯುಟಿಎಫ್-8 ಆಗಿದ್ದುದನ್ನು ಎರಡನೆಯ ಸಲ ಸುತ್ತಿತು. ಹೊಸ ಮನೆಯಲ್ಲಿ ತೆರೆದರೆ ಪುಟದ ತುಂಬ ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಎ, ಅದರ ಪಕ್ಕದಲ್ಲಿ ಮೇಲೇರಿದ 2 ಅಥವಾ 3. ಈ ಗೊಂದಲಕ್ಕೂ ಒಂದು ಕ್ರಮವಿದೆ, ಅದನ್ನು ಬಿಡಿಸಿ ನೋಡಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಮೊದಲನೆಯದು ಎಲ್ಲಕ್ಕೂ ಒಂದೇ. ಲ್ಯಾಟಿನ್ನಿನಲ್ಲಿ ಅದೇ ಆ ಎ. ಎರಡನೆಯದು ಎರಡರಲ್ಲೊಂದು. ಸ್ವರಗಳು, ವ್ಯಂಜನಗಳು, ಕಾ-ಕಿ ಎಂಬಲ್ಲಿನ ಗುಣಿತಚಿಹ್ನೆಗಳು 2 ತರುತ್ತವೆ; ಕೀ-ಕಾರದಿಂದ ಮುಂದಿನ ಗುಣಿತಗಳು, ಒತ್ತಕ್ಷರ ಕಟ್ಟುವ ಹಲಂತ, ಕನ್ನಡ ಅಂಕಿಗಳು 3 ತರುತ್ತವೆ. ಹಾಳಾದ ಪುಟದಲ್ಲಿ 3 ದಟ್ಟವಾಗಿದ್ದರೆ ಅಲ್ಲಿ ಸಂಯುಕ್ತಾಕ್ಷರಗಳ ಸಂಸ್ಕೃತಭೂಯಿಷ್ಠ ಗದ್ಯವಿದ್ದಿರಬಹುದು ಎಂದು ಊಹಿಸುವಷ್ಟು ಇದು ನಿಯತವಾದದ್ದು. ನಿಯತವಾಗಿರುವುದರಿಂದಲೇ ಇದನ್ನು ಹಿಂದಕ್ಕೆ ಬಿಚ್ಚಿ ಕನ್ನಡವನ್ನು ಉಳಿಸಿಕೊಳ್ಳಲು ಸಾಧ್ಯ. ಹಾಗೆ ಸಾಧ್ಯವೆಂದು ತಿಳಿಯದೆ ಹಳೆಯ ಬರಹವನ್ನೆಲ್ಲ ಅಳಿಸಿಹಾಕಿದವರಿದ್ದಾರೆ.

ಇನ್ನೊಂದು ಬಗೆಯ ಹಾಳಿಗೆ ಮದ್ದಿಲ್ಲ. ಡೇಟಾಬೇಸಿನ ಜೊತೆಗಿನ ಸಂಪರ್ಕ ಯುಟಿಎಫ್-8 ಆಗಿದ್ದು, ಬರಹವನ್ನು ಇಡುವ ಕೋಷ್ಟಕ ಮಾತ್ರ ಲ್ಯಾಟಿನ್ ಆಗಿ ಉಳಿದರೆ, ಕನ್ನಡವನ್ನು ಹಿಡಿದಿಡಲಾಗದ ಡೇಟಾಬೇಸು ಪ್ರತಿ ಸಂಕೇತದ ಬದಲಿಗೆ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದುಬಿಡುತ್ತದೆ. ಕಥೆ, ಕವನ, ಶ್ರದ್ಧಾಂಜಲಿ ಎಲ್ಲವೂ ಪ್ರಶ್ನೆಚಿಹ್ನೆಗಳ ಸಾಲು. ಅದರ ಹಿಂದೆ ಯಾವ ಅಕ್ಷರವೂ ಅಡಗಿಲ್ಲ. ಎ ಮತ್ತು 2, 3 ಕಂಡರೆ ಧೈರ್ಯ ತಂದುಕೊಳ್ಳಬೇಕು, ಪ್ರಶ್ನೆಚಿಹ್ನೆ ಕಂಡರೆ ತಕ್ಷಣ ಬರೆಯುವುದನ್ನು ನಿಲ್ಲಿಸಿ ಹಳೆಯ ಬ್ಯಾಕಪ್ ಹುಡುಕಬೇಕು: ಕನ್ನಡದ ಹೊಸಬರಿಗೆ ಎಲ್ಲಕ್ಕಿಂತ ಮೊದಲು ಹೇಳಿಕೊಡಬೇಕಾದ ಭೇದ ಇದು. ಇದಕ್ಕೆ ಸೇರಿದ ಇನ್ನೊಂದು ಸಂಗತಿ: ಮೈಎಸ್‌ಕ್ಯೂಎಲ್‌ನ ಹಳೆಯ ಯುಟಿಎಫ್-8 ಮೂರು ಬೈಟಿನ ಅಕ್ಷರಗಳವರೆಗೆ ಮಾತ್ರ ಹಿಡಿಯುತ್ತಿತ್ತು. ಕನ್ನಡಕ್ಕೆ ಅಷ್ಟು ಸಾಕಿತ್ತು. ನಾಲ್ಕು ಬೈಟಿನ ಎಮೋಜಿಗೆ ಸಾಲುತ್ತಿರಲಿಲ್ಲ. ಲೇಖನದ ನಡುವೆ ಒಂದು ಎಮೋಜಿ ಬಿದ್ದರೆ ಅಲ್ಲಿಂದ ಮುಂದಿನ ಬರಹವೆಲ್ಲ ಸದ್ದಿಲ್ಲದೆ ಕತ್ತರಿಸಿಹೋಗುತ್ತಿತ್ತು. 2015ರ ವರ್ಡ್‌ಪ್ರೆಸ್ 4.2 ಇದನ್ನು ಸರಿಪಡಿಸಿತು.

ಈಗ ಕ್ಲಿಕ್ ಇನ್‌ಸ್ಟಾಲರುಗಳು ಈ ಐದನೆಯ ಸಾಲನ್ನು ಸರಿಯಾಗಿಯೇ ಬರೆಯುತ್ತವೆ ಎಂಬುದನ್ನು ಒಪ್ಪುತ್ತೇನೆ. ಸುರಕ್ಷತೆಯ ಅಪ್‌ಡೇಟುಗಳನ್ನು ತಾವಾಗಿ ಹಾಕುವ ಅನುಕೂಲವೂ ಅವುಗಳಲ್ಲಿದೆ. ಆದರೆ ಹೊಸ ಹೋಸ್ಟಿಂಗ್ ಕೊಳ್ಳುವವರು ಬಹಳ ಸಲ ಹಳೆಯ ಬರಹವನ್ನು ಹೊತ್ತು ತರುತ್ತಾರೆ. ಸಂಘದ ಹಿಂದಿನ ಕಾರ್ಯದರ್ಶಿ ಮಾಡಿಟ್ಟು ಹೋದ ಸೈಟು, ನಿಂತುಹೋದ ಪತ್ರಿಕೆಯ ಸಂಚಿಕೆಗಳು ಅವರ ಕೈಯಲ್ಲಿರುತ್ತವೆ. ಅಲ್ಲಿ ಕ್ಲಿಕ್ ಯಾವ ಸಹಾಯಕ್ಕೂ ಬರುವುದಿಲ್ಲ. ಐದು ಸಾಲು ಓದಬಲ್ಲವರು ಬೇಕು.

ವರ್ಡ್‌ಪ್ರೆಸ್ ತಾನಾಗಿ ಮಾಡುವ ಇನ್ನೊಂದು ನಿರ್ಧಾರದ ಬಗ್ಗೆಯೂ ಕೈಪಿಡಿಗಳು ಬಾಯಿಬಿಡುವುದಿಲ್ಲ. ಲೇಖನದ ಶೀರ್ಷಿಕೆಯಿಂದ ಅದು ಕೊಂಡಿ ಕಟ್ಟುತ್ತದೆ. ಆ ಕೊಂಡಿಗೆ ಇರುವ ಜಾಗ 200 ಸ್ಥಾನ. ಇಂಗ್ಲಿಷಿನ ಒಂದಕ್ಷರ ಒಂದು ಸ್ಥಾನ ತೆಗೆದುಕೊಂಡರೆ ಕನ್ನಡದ ಒಂದು ಸಂಕೇತ ಒಂಬತ್ತು ತೆಗೆದುಕೊಳ್ಳುತ್ತದೆ. ‘ವಿಶ್ವವಿದ್ಯಾಲಯ’ ಎಂಬ ಒಂದೇ ಪದ 117 ಸ್ಥಾನ ನುಂಗುತ್ತದೆ. ಆದ್ದರಿಂದ ಉದ್ದದ ಕನ್ನಡ ಶೀರ್ಷಿಕೆಯ ಕೊಂಡಿ ಪದದ ನಡುವೆ ಕಡಿದುಹೋಗುತ್ತದೆ. ಪ್ರಕಟಿಸುವ ಮುನ್ನ ಕೊಂಡಿಯನ್ನು ಕೈಯಿಂದ ಚಿಕ್ಕದು ಮಾಡಿದರೆ ಮುಗಿಯಿತು, ಯಾರಾದರೂ ಹೇಳಿದ್ದರೆ.

ಇಲ್ಲಿ ಎರಡು ಪಂಗಡದ ಜೊತೆ ನನ್ನ ಜಗಳವಿದೆ. ಮೊದಲನೆಯವರು ಶೇರ್ಡ್ ಹೋಸ್ಟಿಂಗ್ ಸತ್ತಿದೆ ಎಂದು ಸಾರುವ ತಂತ್ರಜ್ಞರು. ಗಿಟ್‌ಹಬ್ ಪೇಜಸ್ 2008ರಿಂದ ಉಚಿತವಾಗಿದೆ, ಸ್ಟ್ಯಾಟಿಕ್ ಸೈಟ್ ಮಾಡಿ, ಡೇಟಾಬೇಸಿನ ಗೊಡವೆಯೇ ಬೇಡ ಎನ್ನುತ್ತಾರೆ. ಪ್ರೋಗ್ರಾಮು ಬರೆಯಬಲ್ಲ ಒಬ್ಬರಿಗೆ ಇದು ಒಳ್ಳೆಯ ಸಲಹೆ. ತಿಂಗಳಿಗೆ ನಾಲ್ಕು ಜನ ಬರೆದು, ಒಬ್ಬರು ತಿದ್ದಿ, ಇನ್ನೊಬ್ಬರು ಪ್ರಕಟಿಸುವ ಸಣ್ಣ ಪತ್ರಿಕೆಗೆ ಇದು ಸಲ್ಲದು. ಅವರಿಗೆ ಲಾಗಿನ್ ಬೇಕು, ಕರಡು ಬೇಕು, ತಮ್ಮದೇ ಡೊಮೇನಿನ ಇಮೇಲ್ ಬೇಕು. ಇದನ್ನೆಲ್ಲ ಒಂದೇ ಕಡೆ, ವರ್ಷಕ್ಕೆ ಕೆಲವು ಸಾವಿರ ರೂಪಾಯಿಗೆ ಕೊಡುವುದು ಇವರು ಹೀಗಳೆಯುವ ಶೇರ್ಡ್ ಹೋಸ್ಟಿಂಗೇ. ಅದರ ಮಿತಿಗಳನ್ನು ಇವರು ಎತ್ತಿ ಆಡುತ್ತಾರೆ, ಹೌದು, ಮಿತಿಗಳಿವೆ. ಏಕಕಾಲಕ್ಕೆ ಬಹಳ ಜನ ಬಂದರೆ, ಸಂಪನ್ಮೂಲದ ಮಿತಿ ಮುಟ್ಟಿತೆನ್ನುವ 508 ದೋಷ ಬರಬಹುದು. ಜಾಗಕ್ಕೆ ಮಿತಿಯಿಲ್ಲವೆಂದು ಹೇಳುವ ಪ್ಲಾನಿನಲ್ಲೂ ಫೈಲುಗಳ ಎಣಿಕೆಗೆ ಮಿತಿಯಿರುತ್ತದೆ, ಬಂದು ಬಿದ್ದ ಒಂದೊಂದು ಇಮೇಲೂ ಆ ಎಣಿಕೆಗೆ ಸೇರುತ್ತದೆ. ಇವನ್ನು ತಿಳಿದು ನಡೆಸಿದರೆ ಸಣ್ಣ ಸೈಟು ಆರಾಮವಾಗಿ ನಡೆಯುತ್ತದೆ.

ಎರಡನೆಯವರ ಮೇಲೆ ನನಗೆ ಹೆಚ್ಚು ಸಿಟ್ಟಿದೆ. ಹೊಸಬರನ್ನು ಹೆದರಿಸಬೇಡಿ, ಡೇಟಾಬೇಸು ಗೀಟಾಬೇಸು ಎಂದರೆ ಓಡಿಹೋಗುತ್ತಾರೆ, ಮೊದಲು ಕ್ಲಿಕ್ ಮಾಡಲಿ, ಆಮೇಲೆ ಕಲಿಯುತ್ತಾರೆ ಎಂದು ವಾದಿಸುವ ಕೈಪಿಡಿಕಾರರು ಇವರು. ಇದು ಕರುಣೆಯಂತೆ ಕಾಣುತ್ತದೆ, ಇದರೊಳಗೆ ಓದುಗರ ಬಗ್ಗೆ ಅಗೌರವವಿದೆ. ಹಳಗನ್ನಡ ಓದುವ, ಛಂದಸ್ಸು ಬಿಡಿಸುವ, ಬ್ಯಾಂಕಿನ ಫಾರಂ ತುಂಬುವ ಮನುಷ್ಯರು ನಾಲ್ಕು ಹೆಸರು ತುಂಬಲಾರರೇ? ಇವರ ‘ಆಮೇಲೆ’ ಬರುವುದು ಸೈಟು ಬಿದ್ದ ದಿನ. ಅಂದು ಕಲಿಯುವ ಮನಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಉಚಿತ ಪುಟಗಳ ತಾಣವಾಗಿದ್ದ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿದಾಗ ತಮ್ಮ ಪುಟ ಎಲ್ಲಿತ್ತು, ಅದನ್ನು ಹೇಗೆ ಇಳಿಸಿಕೊಳ್ಳಬೇಕು ಎಂದು ತಿಳಿದವರು ಹೊತ್ತೊಯ್ದರು, ಉಳಿದವರು ಕಳೆದುಕೊಂಡರು. ಇವರ ಕೈಪಿಡಿಗಳಲ್ಲಿ ಬಹಳಷ್ಟು ಹೋಸ್ಟಿಂಗ್ ಕಂಪನಿಗಳ ಕಮಿಷನ್ ಕೊಂಡಿಗಳನ್ನು ಹೊತ್ತಿರುತ್ತವೆ. ಓದುಗರು ಬೇಗ ಖರೀದಿಸಲಿ ಎಂಬ ಅವಸರ ಅಲ್ಲಿಂದ ಬಂದದ್ದು. ಮೊದಲ ಅವಧಿಯ ಅಗ್ಗದ ದರವನ್ನು ದಪ್ಪಕ್ಷರದಲ್ಲಿ ಹೇಳಿ, ನವೀಕರಣದ ದರ ಅದರ ಎಷ್ಟು ಪಟ್ಟು ಎಂಬುದನ್ನು ಬಿಟ್ಟುಬಿಡುವುದೂ ಅದಕ್ಕೇ. ಡೊಮೇನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬ ವಿಚಾರವನ್ನಂತೂ ಎತ್ತುವುದೇ ಇಲ್ಲ. ಪಹಣಿಯಲ್ಲಿ ಯಾರ ಹೆಸರಿದೆಯೆಂದು ನೋಡದೆ ಹೊಲಕ್ಕೆ ದುಡ್ಡು ಸುರಿಯುವವರನ್ನು ನಾವು ತಡೆಯುತ್ತೇವೆ, ಇಲ್ಲೂ ತಡೆಯಬೇಕು.

ಬ್ಯಾಕಪ್ಪಿನ ಮಾತೂ ಹಾಗೆಯೇ. ಇನ್‌ಸ್ಟಾಲರಿನಲ್ಲಿರುವ ಬ್ಯಾಕಪ್ ಗುಂಡಿ ಒತ್ತಿದರೆ, ನಾವು ಬೇರೇನೂ ಹೇಳದಿದ್ದಾಗ, ಅದು ಪ್ರತಿಯನ್ನು ಅದೇ ಖಾತೆಯ ಫೋಲ್ಡರಿನಲ್ಲಿ ಇಡುತ್ತದೆ. ಖಾತೆ ಅಮಾನತಾದರೆ, ಡಿಸ್ಕ್ ಕೆಟ್ಟರೆ, ಮೂಲವೂ ಪ್ರತಿಯೂ ಒಟ್ಟಿಗೆ ಹೋಗುತ್ತವೆ. 2021ರ ಮಾರ್ಚ್ 10ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬ್ಯಾಕಪ್ಪೂ ಅದೇ ಆವರಣದಲ್ಲಿದ್ದವರಿಗೆ ತಿರುಗಿ ತರಲು ಏನೂ ಇರಲಿಲ್ಲ.

ಹಾಗಾದರೆ ಮೊದಲ ಪಾಠ ಏನಿರಬೇಕು? ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರಿನಲ್ಲಿ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್ ತೆರೆದು, ಒಂದು ಸಾಲು ಕನ್ನಡವಿರುವ ಸರಳ ಪುಟವನ್ನು ಕೈಯಿಂದ ಬರೆದು ಉಳಿಸುವುದು. ಡೊಮೇನ್ ತೆರೆದಾಗ ಆ ಸಾಲು ಕಾಣಿಸಿದರೆ ಫೋಲ್ಡರಿಗೂ ವಿಳಾಸಕ್ಕೂ ಇರುವ ಸಂಬಂಧ ತಿಳಿದಂತೆ. ಎರಡನೆಯದು ಡೇಟಾಬೇಸ್ ತಾವೇ ಮಾಡಿ, ಆ ಐದು ಸಾಲು ತುಂಬಿ, ವರ್ಡ್‌ಪ್ರೆಸ್ ಏರಿಸುವುದು. ಮೂರನೆಯದು ಅದರಲ್ಲಿ ಒಂದು ಕನ್ನಡ ಲೇಖನ ಬರೆದು, ಪಿಎಚ್‌ಪಿ ಮೈಅಡ್ಮಿನ್ ಎಂಬ, ಸಿಪ್ಯಾನೆಲ್‌ನಲ್ಲೇ ಇರುವ ಸಾಧನದ ಮೂಲಕ ಡೇಟಾಬೇಸನ್ನು ತಮ್ಮ ಕಂಪ್ಯೂಟರಿಗೆ ಇಳಿಸಿ, ನೋಟ್‌ಪ್ಯಾಡಿನಲ್ಲಿ ತೆರೆದು ನೋಡುವುದು. ಅಲ್ಲಿ ಕನ್ನಡ ಕನ್ನಡವಾಗಿಯೇ ಇದ್ದರೆ ಮುಂದೆ ಎಷ್ಟು ಬೇಕಾದರೂ ಬರೆಯಬಹುದು. ಇಲ್ಲದಿದ್ದರೆ ಒಂದೇ ಲೇಖನ ಇರುವಾಗಲೇ ಎಲ್ಲವನ್ನೂ ಅಳಿಸಿ ಮತ್ತೆ ಶುರು ಮಾಡಬಹುದು. ಕ್ಲಿಕ್ ಇನ್‌ಸ್ಟಾಲರನ್ನು ಬಳಸುವುದಿದ್ದರೆ ಇದಾದ ಮೇಲೆ, ಎರಡನೆಯ ಸೈಟಿಗೆ ಬಳಸಲಿ.