ತೈಲಪಂಪಿನ ನೆಲೆ

ಮುಳ್ಳೇರಿಯದ ಕಡೆಯ ಏರುದಾರಿಯಲ್ಲಿ, ಕಳೆದ ಮಳೆಗಾಲದ ಒಂದು ಸಂಜೆ, ನನ್ನ ಹಳೆಯ ಅಂಬಾಸಡರ್ ಕಾರಿನ ಎಣ್ಣೆಯೊತ್ತಡದ ಕೆಂಪು ದೀಪವು ಹೊತ್ತಿಕೊಂಡು, ಎಂಜಿನ್ನನ್ನು ಒಡನೆ ನಿಲ್ಲಿಸಿದ ಮೇಲೂ ನನ್ನ ಮನಸ್ಸಿನಲ್ಲಿ ಆರದೆ ಉಳಿದುದರಿಂದ, ಈ ವಾರ ತೈಲಪಂಪಿನ ವಿಚಾರವನ್ನೇ ಎತ್ತಿಕೊಂಡಿದ್ದೇನೆ.

ಪಂಪು ಎಲ್ಲಿದೆಯೆಂಬ ಪ್ರಶ್ನೆಗೆ ಎಲ್ಲ ವಾಹನಗಳಿಗೂ ಸಲ್ಲುವ ಉತ್ತರವಿಲ್ಲ. ಬಂದಡ್ಕ, ಪಾಣತ್ತೂರುಗಳಂತಹ ಬೆಟ್ಟದೂರುಗಳಿಗೆ ಒದಗಿಬಂದ ಜೀಪುಗಳಲ್ಲಿ, ಹಳೆಯ ವಿಲ್ಲೀಸ್ ಪೆಟ್ರೋಲ್ ಎಂಜಿನ್ನಿನದಾದರೆ, ಅದು ಎಡಮಗ್ಗುಲಲ್ಲಿ ಹೊರಗೇ ಕಾಣುತ್ತದೆ. ಆದರೆ ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ದಂಡವೂ ಅದರದೇ ಆದುದರಿಂದ, ರೋಟರು ಯಾವ ದಿಕ್ಕಿಗೆ ಮುಖಮಾಡಿದೆಯೆಂದು ಗುರುತು ಹಾಕಿಕೊಳ್ಳದೆ ಪಂಪನ್ನು ಕಿತ್ತವನು, ಮರಳಿ ಜೋಡಿಸುವಾಗ ಹಲ್ಲೊಂದು ತಪ್ಪಿದರೂ ಕಿಡಿಯ ಕಾಲಕ್ರಮವನ್ನೇ ಕೆಡಿಸಿಕೊಳ್ಳುತ್ತಾನೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಅದರ ನೆಲೆ ಕ್ರ್ಯಾಂಕ್‌ಶಾಫ್ಟಿನ ಮುಂದುದಿ, ಟೈಮಿಂಗ್ ಬೆಲ್ಟಿನ ಹಿಂದೆ. ಅಂಬಾಸಡರಿನ 1489 ಸಿ.ಸಿ. ಎಂಜಿನ್ನಿನಲ್ಲೋ ಅದು ಸಂಪಿನೊಳಗೆ ಗರ್ಭಸ್ಥವಾಗಿ, 3 ಸ್ಟಡ್ಡುಗಳಲ್ಲಿ ತೂಗಿಕೊಂಡು, ಕ್ಯಾಮ್‌ಶಾಫ್ಟಿನಿಂದ ಚಲನೆಯನ್ನು ಪಡೆಯುತ್ತದೆ.

ಸದಾ ತೈಲದಲ್ಲಿ ಮಿಂದಿರುವ ಈ ಅಂಗವು ಬೇಗನೆ ಸವೆಯತಕ್ಕದ್ದಲ್ಲ. ಎಣ್ಣೆಯ ಮಟ್ಟವನ್ನು ನೋಡಿ, ದೀಪದ ಸ್ವಿಚ್ಚನ್ನು ಕಳಚಿ ಆ ಸ್ಥಾನದಲ್ಲಿ ಒತ್ತಡಮಾಪಕವನ್ನು ತೊಡಿಸಿ, ರಿಲೀಫ್ ವಾಲ್ವಿನ ಸ್ಪ್ರಿಂಗು, ಜಾಲರಿಗೆ ಕಟ್ಟಿದ ಕೆಸರು, ಬೇರಿಂಗುಗಳ ಸವಕಳಿ ಇವೆಲ್ಲವನ್ನೂ ಪರೀಕ್ಷಿಸಿದ ಅನಂತರವೇ ಪಂಪಿನ ಮೇಲೆ ದೋಷವನ್ನು ಹೊರಿಸುವುದು ನ್ಯಾಯ. ನನ್ನ ಕಾರಿನ ಸಂಪನ್ನು ಇಳಿಸಿದಾಗ ಜಾಲರಿ ನಿರ್ಮಲವಾಗಿತ್ತು, ಬೇರಿಂಗುಗಳೂ ದೃಢವಾಗಿದ್ದುವು. ಪಂಪಿನ ಮುಚ್ಚಳದ ಒಳಮೈಯಲ್ಲಿ ಮಾತ್ರ ಬಳೆಯಾಕಾರದ ಗೀರುಗಳು ಉಗುರಿಗೆ ತಡೆದುವು. ರೋಟರುಗಳ ಮೇಲೆ ಉಕ್ಕಿನ ಪಟ್ಟಿಯನ್ನಿಟ್ಟು ನೋಡಿದರೆ, ಅಂಗುಲದ ಸಾವಿರದಲ್ಲಿ 5 ಭಾಗವನ್ನು ಮೀರಬಾರದ ಸಂದಿಯಲ್ಲಿ ಫೀಲರ್ ಗೇಜಿನ 8ರ ಎಲೆ ಸಲೀಸಾಗಿ ನುಸುಳಿತು. ಹೊಸ ಪಂಪನ್ನು ತರಿಸದೆ ಗತ್ಯಂತರವಿರಲಿಲ್ಲ.

ಇನ್ನು ಮುಂದಿನ ಮಾತನ್ನು ಅಡಕೆತೋಟದವರಿಗೆ ವಿವರಿಸಬೇಕಾಗಿಲ್ಲ. ಫುಟ್‌ವಾಲ್ವು ಸೋರಿ ನೀರಿಳಿದುಹೋದ ಪಂಪು ಬರಿಯ ಗಾಳಿಯನ್ನು ಕಡೆಯುವುದಲ್ಲದೆ ಕೆರೆಯ ನೀರನ್ನೆತ್ತಲಾರದೆಂಬುದನ್ನು ಬಲ್ಲ ನಾವು, ಕೊಡಪಾನದಿಂದ ನೀರು ಹೊಯ್ದೇ ಅದನ್ನು ಚಾಲೂ ಮಾಡುತ್ತೇವೆ. ಅದೇ ವಿವೇಕವು ಇಲ್ಲಿಯೂ ಬೇಕು. ಪರಿಚಿತರೊಬ್ಬರ ಕಾರಿಗೆ ಪಂಪನ್ನು ಒಣಗಿದಂತೆಯೇ ಜೋಡಿಸಿದ ಕಾರಣ, ಅವರು ಮನೆ ಸೇರುವ ಮೊದಲೇ ಬೇರಿಂಗುಗಳು ಸದ್ದುಮಾಡತೊಡಗಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹೊಸ ಪಂಪಿನೊಳಕ್ಕೆ ಎಣ್ಣೆಯನ್ನು ಹೊಯ್ದು ದಂಡವನ್ನು ಬೆರಳಿನಿಂದ ತಿರುಗಿಸುತ್ತ ಹೋದಾಗ, ಮೊದಲು ಹಗುರವಾಗಿದ್ದ ತಿರುಗಣೆಯು ಕ್ರಮೇಣ ಭಾರವಾಗಿ, ಎಣ್ಣೆಯು ಮೇಲಿನ ರಂಧ್ರದಲ್ಲಿ ಗುಳ್ಳೆಯಿಲ್ಲದೆ ತುಂಬಿ ನಿಂತಿತು. ಹೊಸ ಗ್ಯಾಸ್ಕೆಟ್ಟಿನೊಂದಿಗೆ ಅದನ್ನು ಬಿಗಿದು, ಸಂಪನ್ನೇರಿಸಿ, ಎಣ್ಣೆ ತುಂಬಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟು, ಮುಂಭಾಗದಿಂದ ಹ್ಯಾಂಡಲ್ ಹಾಕಿ ತಿರುವತೊಡಗಿದೆ. ಹನ್ನೆರಡನೆಯ ಸುತ್ತಿಗೋ ಹದಿಮೂರನೆಯದಕ್ಕೋ ಮಾಪಕದ ಮುಳ್ಳು ಸೊನ್ನೆಯನ್ನು ಬಿಟ್ಟು ಮೇಲೆದ್ದಿತು.