ಮೊದಲು ಹೂರಣದ ನೀರು ಇಂಗಲಿ

ಹಬ್ಬಕ್ಕೆ ಹಣ್ಣು ತುಂಬಿದ ಪೈ ಮಾಡುತ್ತೇನೆ ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ: ಹಣ್ಣಿನ ನೀರಿಗೆ ಏನು ದಾರಿ ಮಾಡಿದ್ದೀರಿ? ಬೆಣ್ಣೆ ಯಾವುದು, ಓವನ್ ಯಾವ ಕಂಪನಿಯದು, ಅಂಚು ಹೇಗೆ ಮಡಿಸುತ್ತೀರಿ, ಇವೆಲ್ಲ ಆಮೇಲಿನ ಮಾತು. ಹಸಿ ಹಣ್ಣನ್ನು ಹೆಚ್ಚಿ, ಸಕ್ಕರೆ ಉದುರಿಸಿ, ಕಣಕದೊಳಗೆ ಮುಚ್ಚಿ ಬಿಸಿಗೆ ಇಟ್ಟರೆ ಸಕ್ಕರೆ ಹಣ್ಣಿನ ನೀರನ್ನೆಲ್ಲ ಹೊರಗೆಳೆಯುತ್ತದೆ. ಆ ನೀರು ಅಡಿ ಪದರಕ್ಕೆ ಇಳಿದು ಅದನ್ನು ಹಸಿ ಮುದ್ದೆ ಮಾಡುತ್ತದೆ. ಮಿಕ್ಕದ್ದು ಆವಿಯಾಗಿ ಅಂಚು ಬಿಚ್ಚಿಸಿ, ಹೊರಗೆ ಹರಿದು, ತಟ್ಟೆಗೆ ಸೀದು ಹಿಡಿಯುತ್ತದೆ. ಮೊಬೈಲಿನಲ್ಲಿ ಓಡುವ ವಿಡಿಯೊಗಳು ಆ ತಟ್ಟೆಯನ್ನು ತೋರಿಸುವುದಿಲ್ಲ.

ನಮ್ಮ ಹಿರಿಯರು ಈ ನೀರಿನ ಲೆಕ್ಕವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಹಾಸನ ಜಿಲ್ಲೆಯನ್ನು ಅರಸೀಕೆರೆಯಿಂದ ಪಶ್ಚಿಮಕ್ಕೆ ದಾಟುತ್ತಾ ಬಂದರೆ ಸಾಕು, ಕಡುಬಿನ ಹೊಟ್ಟೆಯೊಳಗಿನ ಹೂರಣವೇ ಇದನ್ನು ಹೇಳುತ್ತದೆ. ಅರಸೀಕೆರೆ ಬಯಲುಸೀಮೆ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುವ ನಾಡು. ತಿಪಟೂರಿನ ಹಾಗೆಯೇ ಅಲ್ಲಿಯ ಮಾರುಕಟ್ಟೆಯೂ ಕೊಬ್ಬರಿಗೆ ಹೆಸರಾದದ್ದು. ಅಲ್ಲಿನ ಕರ್ಜಿಕಾಯಿಯಲ್ಲಿ ಕೊಬ್ಬರಿ ತುರಿ, ಸಕ್ಕರೆ ಪುಡಿ, ಹುರಿದ ಗಸಗಸೆ, ಹುರಿಗಡಲೆ ಪುಡಿ, ಏಲಕ್ಕಿ. ಬೇಕಿದ್ದರೆ ನಾಲ್ಕು ಒಣದ್ರಾಕ್ಷಿ. ಒಂದು ಹನಿ ನೀರು ಇಲ್ಲ. ಆದ್ದರಿಂದಲೇ ಅದು ಕಾದ ಎಣ್ಣೆಗೆ ಬಿದ್ದರೂ ಒಡೆಯುವುದಿಲ್ಲ, ಡಬ್ಬಿಯಲ್ಲಿ ಹದಿನೈದು ದಿನ ಇಟ್ಟರೂ ಗರಿಗರಿ ಬಿಡುವುದಿಲ್ಲ. ಘಟ್ಟದ ಕೆಳಗೆ ಮಂಗಳೂರಿನ ಕ್ರೈಸ್ತರು ಕ್ರಿಸ್‌ಮಸ್ಸಿಗೆ ಮಾಡುವ ಕುಸ್ವಾರ್ ತಟ್ಟೆಯಲ್ಲಿರುವ ನೆವ್ರಿಗೂ ಇದೇ ಜಾಣತನ.

ಹಳೇಬೀಡು, ಬೇಲೂರು ದಾಟಿ ಅರೇಹಳ್ಳಿ ಹೋಬಳಿಗೆ ಬಂದರೆ ಅದೇ ಬೇಲೂರು ತಾಲ್ಲೂಕು, ಬೇರೆ ಲೋಕ. ಕಾಫಿ ತೋಟ, ನೆರಳಿಗೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುನಡುವೆ ಹಳೆಯ ಹಲಸಿನ ಮರ. ಮಳೆಗಾಲದಲ್ಲಿ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕೊಬ್ಬರಿ ಎಲ್ಲಿ ಒಣಗೀತು? ಇದ್ದದ್ದು ಹಣ್ಣು, ಹಣ್ಣಿಗೆ ಹೊಂದುವ ಬೇಯಿಸುವ ಬಗೆಯೂ ಇತ್ತು: ಹಬೆ. ಹಲಸಿನ ತೊಳೆಯನ್ನು ರುಬ್ಬಿ, ಅಕ್ಕಿ ತರಿ, ಬೆಲ್ಲ, ಕಾಯಿತುರಿ ಕಲಸಿ, ಬಾಳೆಲೆಯಲ್ಲೋ ತೇಗದ ಎಲೆಯಲ್ಲೋ ಮಡಿಸಿ ಹಬೆಯಲ್ಲಿಟ್ಟರೆ ಹಣ್ಣಿನ ನೀರನ್ನೆಲ್ಲ ಅಕ್ಕಿ ಕುಡಿದುಕೊಳ್ಳುತ್ತದೆ. ತೇಗದ ಎಲೆಯಾದರೆ ಬಿಚ್ಚಿದಾಗ ಕಡುಬಿನ ಮೈಗೆ ಎಲೆಯ ನರನರವೂ ಕೆಂಪಗೆ ಅಚ್ಚೊತ್ತಿರುತ್ತದೆ. ಹಬೆಗೆ ನೀರಿನ ಹೆದರಿಕೆ ಇಲ್ಲ. ಎಣ್ಣೆಗೆ ಇದೆ, ಓವನ್ನಿಗೂ ಇದೆ. ಹಸಿ ಹಣ್ಣು ಹಬೆಗೆ, ಒಣ ಹೂರಣ ಎಣ್ಣೆಗೆ ಎಂದು ನಮ್ಮ ಅಡುಗೆಮನೆ ಹಾಕಿಕೊಂಡ ಈ ಗಡಿಯನ್ನು ಓವನ್ ತಂದವರು ಯೋಚಿಸದೆ ದಾಟಿದರು. ನನ್ನ ತಕರಾರು ಅಷ್ಟೇ.

ಓವನ್ ತಂದವರಲ್ಲಿಯೂ ಯೋಚಿಸಿದವರಿದ್ದರು ಎನ್ನಬೇಕು, ಅವರೂ ಇದೇ ಜಿಲ್ಲೆಯವರು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಬೆಂಗಳೂರು ಬ್ರದರ್ಸ್ ಬೇಕರಿ, ಅಂದರೆ ಬಿ.ಬಿ. ಬೇಕರಿ, ಹಾಸನದ ಕಡೆಯಿಂದ ಹೋದ ತಿರುಮಲಾಚಾರ್ ಮತ್ತು ಅವರ ಸಹೋದರರದ್ದು. ಮೊದಲು ಅದು ಸಿಹಿತಿಂಡಿ ಅಂಗಡಿ. ಬೇಕಿಂಗ್ ಆಮೇಲೆ ಕಲಿತದ್ದು. ಅವರ ಹಿಂದೆ ಹೋದ ಹೆಬ್ಬಾರ್ ಅಯ್ಯಂಗಾರರು ಬೀದಿಬೀದಿಗೆ ಬೇಕರಿ ಇಟ್ಟರು. ಆ ಗಾಜಿನ ಕಪಾಟಿನಲ್ಲಿರುವ ದಿಲ್‌ಪಸಂದನ್ನು ಒಮ್ಮೆ ಬಿಡಿಸಿ ನೋಡಿ. ಎರಡು ಪದರದ ನಡುವೆ ಕಾಯಿತುರಿ, ಸಕ್ಕರೆ, ಟೂಟಿ ಫ್ರೂಟಿ. ಟೂಟಿ ಫ್ರೂಟಿ ಎಂದರೆ ಪಪ್ಪಾಯಿ ಕಾಯಿಯನ್ನು ಸಕ್ಕರೆ ಪಾಕದಲ್ಲಿ ನೆನೆಸಿ, ನೀರು ತೆಗೆದು, ಬಣ್ಣ ಹಚ್ಚಿ ಒಣಗಿಸಿದ್ದು. ಅದರ ಬಣ್ಣ ನನಗೆ ಸೇರುವುದಿಲ್ಲ, ರುಚಿ ಎಂಬುದೂ ಅದಕ್ಕಿಲ್ಲ. ಆದರೂ ಒಪ್ಪಬೇಕಾದ ಮಾತೆಂದರೆ, ಹಣ್ಣಿನ ನೀರು ತೆಗೆಯದೆ ಒಳಗೆ ಹಾಕಬಾರದೆಂಬುದು ಆ ಅಯ್ಯಂಗಾರರಿಗೆ ಗೊತ್ತಿತ್ತು.

ಹಾಗಾದರೆ ಬಿಸಿಲಿಲ್ಲದ ಅರೇಹಳ್ಳಿಯಲ್ಲಿ ಹಣ್ಣಿನ ನೀರು ತೆಗೆಯುವುದು ಹೇಗೆ? ಬೆಂಕಿಯಿಂದ. ಕರಾವಳಿಯ ಹವ್ಯಕರು ಬೆರಟಿ ಎನ್ನುವುದು ಇದನ್ನೇ: ಹಲಸಿನ ಹಣ್ಣನ್ನು ಬೆಲ್ಲದೊಂದಿಗೆ ಉರುಳಿಯಲ್ಲಿ ಗಂಟೆಗಟ್ಟಲೆ ಮಗುಚಿ, ತಳ ಬಿಡುವ ಹೊತ್ತಿಗೆ ಇಳಿಸಿದ ಗಟ್ಟಿ. ಅದನ್ನು ಮುಂದಿನ ಹಲಸಿನ ಕಾಲದವರೆಗೂ ಇಡುತ್ತಾರೆ, ಬೇಕಾದಾಗ ಪಾಯಸಕ್ಕೆ ಕರಗಿಸುತ್ತಾರೆ. ಈ ಬೆರಟಿಯಷ್ಟು ಒಳ್ಳೆಯ ಪೈ ಹೂರಣ ನನಗೆ ಬೇರೆ ಗೊತ್ತಿಲ್ಲ. ವಾಷಿಂಗ್ಟನ್ ಸೇಬು ತಂದು, ದಾಲ್ಚಿನ್ನಿ ಪುಡಿ ಉದುರಿಸಿ, ತೋಟದ ಹಲಸನ್ನು ಹಸುವಿಗೆ ಹಾಕುವವರನ್ನು ಕಂಡರೆ ಕೋಪ ಬರುತ್ತದೆ. ಹಾಗೆಂದು ಹಲಸೂ ಈಗ ಮೊದಲಿನಷ್ಟು ಸಲೀಸಲ್ಲ. ಆನೆ ನುಗ್ಗುತ್ತದೆಂದು ಕಾಯಿ ಇರುವಾಗಲೇ ಇಳಿಸಿಬಿಡುವ ತೋಟದವರಿದ್ದಾರೆ, ಅವರನ್ನು ದೂರುವ ಹಾಗೂ ಇಲ್ಲ.

ಹಬ್ಬ ಯಾವುದು ಎಂದಿರಾ? ಭೀಮನ ಅಮಾವಾಸ್ಯೆ. ಆಷಾಢದ ಕೊನೆಯ ದಿನ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳ ವ್ರತ, ಮನೆ ತುಂಬ ನೆಂಟರು. ಆ ಹಬ್ಬದ ಕಡುಬಿಗೆ ಇನ್ನೊಂದು ವಿಶೇಷ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಹಬ್ಬ ಬರುವ ಹೊತ್ತಿಗೆ ಹಲಸಿನ ಕಾಲ ಮುಗಿಯುತ್ತಾ ಬಂದಿರುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಬಿದ್ದ ಹಣ್ಣು ನೀರು ನೀರು, ಸಿಹಿ ಸಪ್ಪೆ. ಆದ್ದರಿಂದ ಬೆರಟಿಯನ್ನು ಮಳೆಗೆ ಮೊದಲೇ, ಮೇ ತಿಂಗಳ ಹಣ್ಣಿನಲ್ಲಿ ಮಾಡಿಟ್ಟುಕೊಳ್ಳಬೇಕು. ಬಕ್ಕೆ ಹಲಸಿನ ತೊಳೆ ಗಟ್ಟಿ, ಕಚ್ಚಿ ತಿನ್ನಲು ಸೊಗಸು, ಸಣ್ಣಗೆ ಹೆಚ್ಚಿ ಮೊದಲು ಬೇಯಿಸಿಕೊಳ್ಳಬೇಕು. ಮೆತ್ತನೆಯ ಅಂಬಲಿ ಜಾತಿಯದಾದರೆ ಕೈಯಲ್ಲೇ ಕಿವುಚಿ, ಜರಡಿಗೆ ಹಾಕಿ ನಾರು ತೆಗೆದರಾಯಿತು. ನನಗೆ ಎರಡನ್ನೂ ಬೆರೆಸುವುದು ಇಷ್ಟ. ಒಂದು ಪಾಕ ಕೊಡುತ್ತದೆ, ಇನ್ನೊಂದು ಹಲ್ಲಿಗೆ ಸಿಗುತ್ತದೆ.

ಒಂದು ಕಿಲೋ ತಿರುಳಿಗೆ 300 ಗ್ರಾಂ ಬೆಲ್ಲ ಸಾಕು. ವರ್ಷವಿಡೀ ಇಡುವ ಬೆರಟಿಗೆ ಇನ್ನೂ ಬೆಲ್ಲ ಬೇಕು. ಪೈಯೊಳಗೆ ಅಷ್ಟು ಸಿಹಿ ಬಾಯಿ ಕಟ್ಟುತ್ತದೆ. ದಪ್ಪ ತಳದ ಬಾಣಲೆ, ಸಣ್ಣ ಉರಿ. ಮೊದಲು ಕೊತಕೊತ ಕುದಿಯುತ್ತದೆ, ಆಗ ಬಿಟ್ಟು ಬೇರೆ ಕೆಲಸ ನೋಡಬಹುದು. ಗುಳ್ಳೆಗಳು ದೊಡ್ಡದಾಗಿ ಪಟ್ ಎಂದು ಒಡೆದು ಕೈಗೆ ಸಿಡಿಯಲು ಶುರುವಾದಾಗ ಕದಲಬಾರದು, ಉದ್ದ ಹಿಡಿಯ ಸೌಟು ಹಿಡಿದು ನಿಲ್ಲಬೇಕು. ಎರಡು ಚಮಚ ತುಪ್ಪ ಈಗ. ಸೌಟು ಎಳೆದ ದಾರಿಯಲ್ಲಿ ಬಾಣಲೆಯ ತಳ ಕಂಡು, ಆ ದಾರಿ ಮುಚ್ಚಿಕೊಳ್ಳದೆ ನಿಂತರೆ ಹದ. ತಟ್ಟೆಗೆ ಒಂದು ಬಿಂದು ಹಾಕಿ ಓರೆ ಮಾಡಿ. ಹರಿದರೆ ಇನ್ನೂ ಆಗಿಲ್ಲ. ಹಲಸಿನಲ್ಲಿ ಇಲ್ಲದ್ದು ಹುಳಿ, ಅದಕ್ಕೆ ತೋಟದಂಚಿನ ಅನಾನಸನ್ನು ತುರಿದು, ಬೇರೆಯೇ ಬಾಣಲೆಯಲ್ಲಿ ನೀರು ಇಂಗಿಸಿ, ನಾಲ್ಕರಲ್ಲಿ ಒಂದು ಪಾಲಿನಷ್ಟು ಬೆರೆಸಬೇಕು. ಇಳಿಸುವ ಮುನ್ನ ಸಕಲೇಶಪುರದ ಏಲಕ್ಕಿ, ಮತ್ತೆ ಕುಟ್ಟಿದ ಕರಿಮೆಣಸು ಕಾಲು ಚಮಚ. ಮೆಣಸೇ ಎಂದು ಹುಬ್ಬೇರಿಸಬೇಡಿ. ಕಚ್ಚಿದಾಗ ಗೊತ್ತಾಗುವುದಿಲ್ಲ, ನುಂಗಿದ ಮೇಲೆ ಗಂಟಲಲ್ಲಿ ಸಣ್ಣಗೆ ಬಿಸಿ ತಾಗುತ್ತದೆ. ಜಿಟಿಜಿಟಿ ಮಳೆಯ ದಿನಕ್ಕೆ ಅದು ಬೇಕು.

ಕಣಕದ ವಿಷಯದಲ್ಲಿ ಮಲೆನಾಡಿಗೆ ಬೆಂಗಳೂರಿಗಿಂತ ಭಾಗ್ಯ ಹೆಚ್ಚು. ಬೆಣ್ಣೆ 32ರಿಂದ 35 ಡಿಗ್ರಿಗೆ ಕರಗುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಅದನ್ನು ಹಿಟ್ಟಿಗೆ ಉಜ್ಜುವಷ್ಟರಲ್ಲಿ ಎಣ್ಣೆಯಾಗಿಬಿಡುತ್ತದೆ. ಅರೇಹಳ್ಳಿಯ ಜುಲೈನಲ್ಲಿ ಅಡುಗೆಮನೆಯೇ ತಣ್ಣಗೆ, ಬೆಣ್ಣೆಯೂ ಅವಸರ ಮಾಡುವುದಿಲ್ಲ. 250 ಗ್ರಾಂ ಮೈದಾ, 140 ಗ್ರಾಂ ಉಪ್ಪಿಲ್ಲದ ಗಟ್ಟಿ ಬೆಣ್ಣೆ, ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ. ಬೆಣ್ಣೆಯನ್ನು ಅವರೆಕಾಳಿನಷ್ಟು ಚೂರು ಉಳಿಯುವಂತೆ ಬೆರಳ ತುದಿಯಲ್ಲಿ ಉಜ್ಜಬೇಕು, ಅಂಗೈ ತಾಗಬಾರದು. ಆ ಚೂರುಗಳಲ್ಲೇ ಪದರದ ಗುಟ್ಟಿದೆ. ಬೆಣ್ಣೆಯ ತೂಕದಲ್ಲಿ ಆರನೇ ಒಂದು ಪಾಲು ನೀರು. ಓವನ್ನಿನಲ್ಲಿ ಅದು ಆವಿಯಾಗಿ ಹಿಟ್ಟನ್ನು ಪದರ ಪದರವಾಗಿ ಎತ್ತುತ್ತದೆ. ಬೇಕರಿ ಪಫ್‌ನಲ್ಲಿ ಬೆಣ್ಣೆಯ ಜಾಗಕ್ಕೆ ಡಾಲ್ಡಾ ಬಂದಿದೆ. ಪದರ ಅದೂ ಕೊಡುತ್ತದೆ, ಆದರೆ ಬಾಯಿಯ ಬಿಸಿಗೆ ಪೂರ್ತಿ ಕರಗದೆ ಅಣ್ಣಾಲಿಗೆ ಹಿಡಿದು ಕೂರುತ್ತದೆ, ಎರಡು ಲೋಟ ಕಾಫಿ ಕುಡಿದರೂ ಹೋಗದು.

ಕಣಕಕ್ಕೆ ತಣ್ಣೀರು ನಾಲ್ಕೈದು ಚಮಚ. ಮಳೆಗಾಲದ ಹಿಟ್ಟು ಗಾಳಿಯ ತೇವ ಹೀರಿರುತ್ತದೆ, ಆದ್ದರಿಂದ ಒಂದು ಚಮಚ ಕಮ್ಮಿಯಲ್ಲೇ ನಿಲ್ಲಿಸಿ ನೋಡಬೇಕು. ಚಪಾತಿಗೆ ನಾದಿದ ಹಾಗೆ ನಾದಿದರೆ ಹಿಟ್ಟು ರಬ್ಬರಾಗುತ್ತದೆ, ಒಟ್ಟುಗೂಡಿಸಿ ಬಿಟ್ಟುಬಿಡಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿರಲಿ. ಅರೇಹಳ್ಳಿಯ ಮನೆಯೊಂದರಲ್ಲಿ ನಾನು ಕಣಕವನ್ನು ಫ್ರಿಜ್ಜಿಗೆ ಇಟ್ಟದ್ದನ್ನು ನೋಡಿದ ದೊಡ್ಡಮ್ಮ, "ಏನ್ ಮಗ ಇದು, ಕಡುಬಿಗೆ ಚಳಿ ಹಿಡಿಸ್ತಿದೀಯಾ?" ಎಂದರು. "ಚಳಿ ಹಿಡಿದ್ರೇ ಅರಳೋದು ದೊಡ್ಡಮ್ಮ" ಎಂದೆ. "ಅರಳ್ಲಿ ನೋಡಾನ" ಎಂದು ಅಲ್ಲೇ ಮಣೆ ಹಾಕಿಕೊಂಡು ಕೂತರು.

ಲಟ್ಟಿಸುವುದು ಮೂರು ಮಿಲಿಮೀಟರ್ ದಪ್ಪ, ಕತ್ತರಿಸಲು ಸ್ಟೀಲ್ ಡಬ್ಬಿಯ ಮುಚ್ಚಳ. ಹತ್ತು ಸೆಂಟಿಮೀಟರ್ ಅಗಲದ್ದಾದರೆ ಈ ಅಳತೆಗೆ 14ರಿಂದ 16 ಆಗುತ್ತವೆ. ಹೂರಣ ಪೂರ್ತಿ ಆರಿರಬೇಕು, ಬೆಚ್ಚಗಿದ್ದರೂ ಒಳಗಿನಿಂದಲೇ ಬೆಣ್ಣೆ ಕರಗಿಸುತ್ತದೆ. ಒಂದು ಚಮಚ ಇಟ್ಟು, ಅಂಚಿಗೆ ನೀರು ಸವರಿ, ಅರ್ಧಚಂದ್ರವಾಗಿ ಮಡಿಸಿ ಒತ್ತಿ. ಫೋರ್ಕಿನಿಂದ ಗೆರೆ ಎಳೆಯುವ ಪದ್ಧತಿ ವಿಡಿಯೊಗಳಲ್ಲಿದೆ. ನಮ್ಮ ಕರ್ಜಿಕಾಯಿ ಅಂಚು ಅದಕ್ಕಿಂತ ಸಾವಿರ ಪಾಲು ಮೇಲು. ದೊಡ್ಡಮ್ಮನ ಹೆಬ್ಬೆರಳು ಅಂಚಿನ ತುದಿಯನ್ನು ಚೂರು ಎಳೆದು ಒಳಕ್ಕೆ ಮಡಿಸುತ್ತದೆ, ತೋರುಬೆರಳು ಅದನ್ನು ಒತ್ತಿ ಹಿಡಿಯುತ್ತದೆ, ಅಷ್ಟರಲ್ಲಿ ಹೆಬ್ಬೆರಳು ಮುಂದಿನ ಮಡಿಕೆಗೆ ಹೋಗಿರುತ್ತದೆ. ಜಡೆ ಹೆಣೆದ ಹಾಗೆ. ಆ ಅಂಚು ಬಿಚ್ಚಿದ್ದನ್ನು ನಾನು ನೋಡಿಲ್ಲ. ಮೇಲೆ ಚಾಕುವಿನಿಂದ ಎರಡು ಸೀಳು, ಹಾಲು ಸವರಿ, ಮೊದಲೇ ಕಾದ ಟ್ರೇ ಮೇಲೆ. ಟ್ರೇ ಕಾದಿದ್ದರೆ ಅಡಿ ಪದರ ತಕ್ಷಣ ಗಟ್ಟಿಯಾಗುತ್ತದೆ. 200 ಡಿಗ್ರಿ, 25 ನಿಮಿಷ. ಬೇಕರಿಯ ಬಿಳಿಚು ಬಣ್ಣಕ್ಕೆ ಒಗ್ಗಿದ ನಾವು ಬೇಗ ಹೊರತೆಗೆದುಬಿಡುತ್ತೇವೆ. ಅಂಚು ಹುರಿದ ಕಾಫಿ ಬೀಜದ ಬಣ್ಣಕ್ಕೆ ಹತ್ತಿರವಾಗಲಿ.

ಮಳೆಗಾಲದಲ್ಲಿ ಕರೆಂಟು? ಅದನ್ನು ನೆಚ್ಚಿಕೊಂಡು ಹಬ್ಬ ಮಾಡುವ ಹಾಗಿಲ್ಲ. ಓವನ್ ನಡುವೆ ಆರಿದರೆ ಬಾಗಿಲು ತೆರೆಯದೆ ಹತ್ತು ನಿಮಿಷ ಬಿಡಬಹುದು, ಅದಕ್ಕೂ ಮೀರಿದರೆ ಸೌದೆ ಒಲೆಯೇ ಗತಿ. ಹದಿನಾರನೇ ಶತಮಾನದ ಮಂಗರಸನ ಸೂಪಶಾಸ್ತ್ರದಲ್ಲಿ ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಮುಚ್ಚಳ ರೊಟ್ಟಿ ಇದೆ. ಓವನ್ ಎಂದರೆ ಅಷ್ಟೇ ತಾನೆ. ದಪ್ಪ ದಬರಿಯಲ್ಲಿ ಒಂದು ಅಂಗುಲ ಮರಳು, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಪೈ, ಮುಚ್ಚಳದ ಮೇಲೆ ಕಾಫಿ ಗಿಡದ ಬೊಡ್ಡೆಯ ಕೆಂಡ. ಕೆಳಗಿನ ಉರಿ ಕಮ್ಮಿ, ಮೇಲಿನ ಕೆಂಡ ಜಾಸ್ತಿ ಇರಬೇಕು. ಇದರಲ್ಲಿ ಬಣ್ಣ ಒಂದೇ ಸಮ ಬರುವುದಿಲ್ಲ, ಹೊಗೆಯ ವಾಸನೆಯೂ ಚೂರು ಸೇರುತ್ತದೆ. ಹಲಸಿಗೆ ಆ ಹೊಗೆ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ, ಒಪ್ಪದವರು ಕರೆಂಟಿಗೆ ಕಾಯಲಿ.

ಈಗ ಆ ವಿಶೇಷ. ಭೀಮನ ಅಮಾವಾಸ್ಯೆಯಂದು ನಾಣ್ಯ ಒಳಗಿಟ್ಟ ಕಡುಬನ್ನು ಹೊಸ್ತಿಲ ಮೇಲಿಟ್ಟು, ಅಕ್ಕತಂಗಿಯರ ಎದುರಿಗೆ ಅಣ್ಣತಮ್ಮಂದಿರು ಮೊಣಕೈಯಿಂದ ಗುದ್ದಿ ಒಡೆಯುತ್ತಾರೆ. ಭಂಡಾರ ಒಡೆಯುವುದು ಎನ್ನುತ್ತಾರೆ. ಒಡೆದವನಿಗೆ ನಾಣ್ಯ, ಅಕ್ಕನಿಗೆ ನಗು. ಇಂಗ್ಲಿಷರು ಕ್ರಿಸ್‌ಮಸ್ ಪುಡ್ಡಿಂಗಿನಲ್ಲಿ ಬೆಳ್ಳಿ ನಾಣ್ಯ ಹುದುಗಿಸುತ್ತಿದ್ದರು, ಆದರೆ ಮೊಣಕೈಯ ಗಮ್ಮತ್ತು ಅವರಲ್ಲಿಲ್ಲ. ಬೇಯಿಸಿದ ಪೈಯನ್ನೇ ಭಂಡಾರ ಮಾಡಬಹುದೇ ಎಂದು ಹೊಸ ಹುಡುಗಿಯರು ಕೇಳುತ್ತಾರೆ. ಬೇಡ. ಬೆಣ್ಣೆಯ ಪದರ ಒಂದೇ ಗುದ್ದಿಗೆ ಪುಡಿಪುಡಿಯಾಗಿ ಹಲಸಿನ ಹೂರಣವೆಲ್ಲ ಹೊಸ್ತಿಲಿಗೆ ಮೆತ್ತುತ್ತದೆ, ಹೊಸ ಅಳಿಯನ ಬಿಳಿ ಪಂಚೆಗೂ ಹತ್ತುತ್ತದೆ. ನಾಣ್ಯವನ್ನು ಮಕ್ಕಳು ಪೈ ಜೊತೆ ಕಚ್ಚುವ ಅಪಾಯ ಬೇರೆ. ಒಡೆಯಲು ಹಳೆಯ ಹಿಟ್ಟಿನ ಕಡುಬೇ ಇರಲಿ, ತಿನ್ನಲು ಇದು.

ಮಾಡಿದ ದಿನವೇ ತಿಂದು ಮುಗಿಸಬೇಕು. ಮಲೆನಾಡಿನ ಗಾಳಿಯಲ್ಲಿ ಸಂಜೆಗೆ ಮೆತ್ತಗಾಗುತ್ತದೆ, ಡಬ್ಬಿ ಎಷ್ಟೇ ಭದ್ರವಿದ್ದರೂ ಸರಿ. ಉಳಿದದ್ದನ್ನು ಮರುದಿನ 160 ಡಿಗ್ರಿಯಲ್ಲಿ ಎಂಟು ನಿಮಿಷ ಬಿಸಿ ಮಾಡಿದರೆ ಮುಕ್ಕಾಲು ಪಾಲು ಗರಿ ವಾಪಸ್ಸು ಬರುತ್ತದೆ, ಮೈಕ್ರೊವೇವ್‌ಗೆ ಮಾತ್ರ ಇಡಬೇಡಿ. ಮಿಕ್ಕ ಬೆರಟಿಯನ್ನು ಗಾಜಿನ ಬಾಟಲಿಗೆ ಒತ್ತಿ ತುಂಬಿ, ಮೇಲೊಂದು ಪದರ ತುಪ್ಪ ಸುರಿದು ಫ್ರಿಜ್ಜಿನಲ್ಲಿಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲಿನ ಹೊತ್ತಿಗೆ ತೋಟದ ಕಿತ್ತಳೆ ಹಣ್ಣಾಗಿರುತ್ತದೆ. ಆಗ ಅನಾನಸಿನ ಬದಲು ಕಿತ್ತಳೆ ಸಿಪ್ಪೆಯನ್ನು, ಒಳಗಿನ ಬಿಳಿ ಭಾಗ ಬಾರದ ಹಾಗೆ ತುರಿದು ಬೆರೆಸಿ. ಮೆಣಸು ಅಷ್ಟೇ ಇರಲಿ.